ಜನರಲ್ ಪಕ್ಕದ ಖಾಲಿ ಕುರ್ಚಿ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಎಚ್‌ಎಎಲ್ ಮಾಡಿದ ಸೇನಾ ಹೆಲಿಕಾಪ್ಟರ್ ಹಾರಲು ಯೋಗ್ಯವೇ ಎಂದು ಹೇಳುವುದು ಎಚ್‌ಎಎಲ್ ಅಲ್ಲ, ಬೆಂಗಳೂರಿನ ಸೆಮಿಲಾಕ್ ಎಂಬ ಬೇರೆ ಸಂಸ್ಥೆ. ಅದೂ ರಕ್ಷಣಾ ಸಚಿವಾಲಯದ್ದೇ ಅನ್ನಿ. ಆದರೂ ಮಾಡಿದ ಕೈ ಬೇರೆ, ನೋಡುವ ಕಣ್ಣು ಬೇರೆ. ಯಂತ್ರಕ್ಕಿರುವ ಈ ಏರ್ಪಾಡು ಅದರೊಳಗೆ ಕೂರುವ ಮನುಷ್ಯನ ದೂರಿಗೆ ಎಷ್ಟರಮಟ್ಟಿಗಿದೆ?

1950ರ ಸೇನಾ ಕಾಯ್ದೆಯ 26ನೇ ಕಲಂ ಪ್ರಕಾರ ಜವಾನ ತನ್ನ ದೂರನ್ನು ತನ್ನ ಕಂಪನಿಯ ಅಧಿಕಾರಿಗೇ ಕೊಡಬೇಕು. ದೂರು ಆ ಅಧಿಕಾರಿಯ ಮೇಲೇ ಆಗಿದ್ದರೆ ಅವರಿಗಿಂತ ಮೇಲಿನವರಿಗೆ. ಕೋರ್ಟ್ ಮಾರ್ಷಲ್ ಕೊಟ್ಟ ಶಿಕ್ಷೆಯ ಮೇಲೆ ಒಂದೇ ಒಂದು ಅಪೀಲಿಗೂ ಅವಕಾಶವಿಲ್ಲವಲ್ಲ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ, ಪೃಥಿಪಾಲ್ ಸಿಂಗ್ ಬೇಡಿ ಪ್ರಕರಣದಲ್ಲಿ, ಬೇಸರಪಟ್ಟುಕೊಂಡಿತ್ತು. ಆ ಬೇಸರ ಕಾನೂನಾಗಲು 25 ವರ್ಷ ಹಿಡಿಯಿತು. 2007ರಲ್ಲಿ ಕಾಯ್ದೆ ಬಂತು, 2009ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕೆಲಸ ಶುರು ಮಾಡಿತು. ಕರ್ನಾಟಕ ಸೇರಿದ್ದು ಕೊಚ್ಚಿ ಪೀಠಕ್ಕೆ. ಕುಣಿಗಲ್ ಕಡೆಯ ನಿವೃತ್ತ ಹವಾಲ್ದಾರರೊಬ್ಬರಿಗೆ ಅಂಗವೈಕಲ್ಯದ ಪಿಂಚಣಿ ಬರಲಿಲ್ಲ ಎಂದಿಟ್ಟುಕೊಳ್ಳಿ, ಅವರ ಕಡತ ಕೇರಳಕ್ಕೆ ಹೋಗಬೇಕು.

ಅಲ್ಲಿ ಆ ಕಡತ ಬಿಚ್ಚಿ ಓದುವವರು ಇಬ್ಬರು. ಒಬ್ಬರು ಹೈಕೋರ್ಟಿನ ನ್ಯಾಯಮೂರ್ತಿ ಆಗಿದ್ದವರು. ಇನ್ನೊಬ್ಬರು ಆಡಳಿತ ಸದಸ್ಯರು: ಮೇಜರ್ ಜನರಲ್ ಅಥವಾ ಅದಕ್ಕೂ ಮೇಲಿನ ಹುದ್ದೆಯಲ್ಲಿ ಕನಿಷ್ಠ 3 ವರ್ಷ ಇದ್ದವರು, ಇಲ್ಲವೇ ಸೇನೆಯ ಕಾನೂನು ವಿಭಾಗದ ಮುಖ್ಯಸ್ಥರಾಗಿದ್ದವರು. ಸುಬೇದಾರ್ ಮೇಜರ್ ಆಗಿ ಮೂರು ದಶಕ ದುಡಿದವರಿಗೂ ಅಲ್ಲಿ ಜಾಗವಿಲ್ಲ.

ಸೇನೆಯವರು ಕೂರಲೇಬಾರದು ಎನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ಸಿಯಾಚಿನ್‌ನ ಒಂದು ರಾತ್ರಿ ಎಂದರೇನು, ರಜೆ ಸಿಗದೆ ಊರಿನ ಸಾವಿಗೆ ಹೋಗಲಾಗದಿರುವುದು ಎಂದರೇನು ಎಂಬುದನ್ನು ಕಾನೂನಿನ ಪುಸ್ತಕ ಹೇಳಿಕೊಡುವುದಿಲ್ಲ. ಜನರಲ್‌ಗಳು ಕೂತ ಪೀಠಗಳು ಜವಾನರ ಕೈ ಹಿಡಿದದ್ದೂ ಉಂಟು. ಅಂಗವೈಕಲ್ಯ ಪಿಂಚಣಿಯ ವಿಷಯದಲ್ಲಿ ಆ ಪೀಠಗಳು ಕೊಟ್ಟ ಆದೇಶಗಳ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದದ್ದು ಸರ್ಕಾರ. 2014ರ ಡಿಸೆಂಬರಿನಲ್ಲಿ ರಾಮ್ ಅವತಾರ್ ಪ್ರಕರಣದ ಜೊತೆಗೆ ಅಂಥ ನೂರಾರು ಮೇಲ್ಮನವಿಗಳು ಒಟ್ಟಿಗೇ ಬಿದ್ದುಹೋದವು. ಅದರ ಹಿಂದಿನ ವರ್ಷ ಸುಪ್ರೀಂ ಕೋರ್ಟಿನಿಂದಲೇ ಧರ್ಮವೀರ್ ಸಿಂಗ್ ತೀರ್ಪು ಬಂದಿತ್ತು. ಸೇರುವಾಗ ಗಟ್ಟಿಮುಟ್ಟಾಗಿದ್ದಾನೆಂದು ಸೇನೆಯೇ ಬರೆದುಕೊಂಡ ಸಿಪಾಯಿಗೆ ಆಮೇಲೆ ಕಾಯಿಲೆ ಬಂದರೆ, ಅದು ಸೇವೆಯಿಂದ ಬಂದದ್ದಲ್ಲ ಎನ್ನಲು ವೈದ್ಯಕೀಯ ಮಂಡಳಿ ಕಾರಣ ಕೊಡಬೇಕು ಎಂದಿತು ಆ ತೀರ್ಪು. ಆದ್ದರಿಂದ ಪೀಠದಲ್ಲಿ ವೈದ್ಯರೂ ಇರಲಿ ಎಂಬ ವಾದ ನನಗೆ ಹಿಡಿಸದು. ವೈದ್ಯರು ತಮ್ಮ ವರದಿಯನ್ನು ನೆಟ್ಟಗೆ ಬರೆದರೆ ಸಾಕು.

ತೊಡಕಿರುವುದು ಪಿಂಚಣಿಯ ಲೆಕ್ಕದಲ್ಲಲ್ಲ, ಹುಕುಂ ಪ್ರಶ್ನಿಸುವ ದೂರುಗಳಲ್ಲಿ. ‘ಅಧಿಕಾರಿ ಅವಮಾನ ಮಾಡಿದರು’, ‘ಹಟಕ್ಕೆ ಬಿದ್ದು ಶಿಕ್ಷೆ ಕೊಟ್ಟರು’ ಎಂಬಂಥವು. ಮೂವತ್ತೈದು ವರ್ಷ ಹುಕುಂ ಕೊಟ್ಟೇ ಬಂದವರಿಗೆ ಅಲ್ಲಿ ಮೊದಲು ಕಾಣುವುದು ಶಿಸ್ತು. ಅದು ದುರುದ್ದೇಶವಲ್ಲ, ಅಭ್ಯಾಸ. ಎದುರಿಗೆ ನಿಂತ ಜವಾನನಿಗೆ ಕಾಣುವುದೇ ಬೇರೆ, ಆ ಕಾಣ್ಕೆ ಇರುವವರು ಪೀಠದಲ್ಲಿ ಒಬ್ಬರೂ ಇಲ್ಲ. ಇಬ್ಬರಿಗೂ ಒಮ್ಮತ ಬಾರದಿದ್ದರೆ ಕಡತ ಅಧ್ಯಕ್ಷರಿಗೆ ಹೋಗುತ್ತದೆ. ಮೂರನೆಯ ಕುರ್ಚಿ ಇದ್ದಿದ್ದರೆ ಆ ಅಲೆದಾಟವೂ ತಪ್ಪುತ್ತಿತ್ತು.

ಕೆಳದರ್ಜೆಯವರನ್ನು ಕೂರಿಸಿದರೆ ಶಿಸ್ತು ಕೆಟ್ಟುಹೋಗುತ್ತದೆ ಎನ್ನುವವರು ಅಮೆರಿಕದತ್ತ ನೋಡಲಿ. ಅಲ್ಲಿ ಕೋರ್ಟ್ ಮಾರ್ಷಲ್ ಎದುರಿಸುವ ಸಾಮಾನ್ಯ ಸೈನಿಕ ಕೇಳಿಕೊಂಡರೆ, ತೀರ್ಮಾನಿಸುವವರಲ್ಲಿ ಮೂರನೇ ಒಂದು ಭಾಗವಾದರೂ ಅಧಿಕಾರಿಗಳಲ್ಲದ ಸೈನಿಕರಿರಬೇಕು. ಬ್ರಿಟನ್ 2021ರ ಕಾಯ್ದೆಯಲ್ಲಿ ವಾರಂಟ್ ಅಧಿಕಾರಿಗಿಂತ ಒಂದು ಮೆಟ್ಟಿಲು ಕೆಳಗಿನವರನ್ನೂ ಕೋರ್ಟ್ ಮಾರ್ಷಲ್ ಮಂಡಳಿಗೆ ಸೇರಿಸಿಕೊಂಡಿತು. ನಮ್ಮ ಕಾಯ್ದೆ ಬಂದದ್ದು 2007ರಲ್ಲಾದರೂ ಅದರ ಮನಸ್ಸು ಇನ್ನೂ ಆಫೀಸರ್ಸ್ ಮೆಸ್‌ನಲ್ಲೇ ಇದೆ.

ಇನ್ನೊಂದು ಮಾತು. ನಮ್ಮ ನ್ಯಾಯಮಂಡಳಿಗೆ ಬರುವ ಪ್ರಕರಣಗಳಲ್ಲಿ ಎದುರುವಾದಿ ರಕ್ಷಣಾ ಸಚಿವಾಲಯ. ಮಂಡಳಿಯ ಕಟ್ಟಡ, ಸಿಬ್ಬಂದಿ, ಖರ್ಚು ನೋಡಿಕೊಳ್ಳುವುದೂ ಅದೇ. ಇದನ್ನು ಕಾನೂನು ಸಚಿವಾಲಯಕ್ಕೆ ಒಪ್ಪಿಸಬೇಕು ಎಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2012ರಲ್ಲೇ ಹೇಳಿತ್ತು. ಕುರ್ಚಿಯಲ್ಲಿ ಯಾರು ಎಂದು ಕೇಳುವಾಗ ಕುರ್ಚಿ ಹಾಕಿದವರು ಯಾರು ಎಂದೂ ಕೇಳಬೇಕಾಗುತ್ತದೆ.

ನನ್ನ ಎಣಿಕೆ ಇಷ್ಟು: ನ್ಯಾಯಮೂರ್ತಿ ಇರಲಿ, ಜನರಲ್ಲೂ ಇರಲಿ, ಅರ್ಜಿದಾರ ಅಧಿಕಾರಿಯಲ್ಲದಿದ್ದರೆ ನಿವೃತ್ತ ಸುಬೇದಾರ್ ಒಬ್ಬರು ಅವರ ಪಕ್ಕ ಮತದ ಹಕ್ಕಿನೊಂದಿಗೆ ಕೂರಲಿ. ಕಾಯ್ದೆಯ 5 ಮತ್ತು 6ನೇ ಕಲಂಗಳನ್ನು ತಿದ್ದಿದರೆ ಆಗುವ ಕೆಲಸ ಇದು, ತುಮಕೂರಿನ ಸಂಸದರು ಲೋಕಸಭೆಯಲ್ಲಿ ಎತ್ತಬಹುದಾದದ್ದು. ಅಲ್ಲಿಯವರೆಗೆ, ಮಂಡಳಿಯಲ್ಲಿ ಸೋತವರಿಗೆ ಹೈಕೋರ್ಟಿನ ಬಾಗಿಲು ಮುಚ್ಚಿಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ಹೇಳಿದೆ. ತುಮಕೂರಿನಿಂದ ಆ ಬಾಗಿಲಿಗೆ 70 ಕಿಲೋಮೀಟರ್.