ಹೆಸರು ಮುಚ್ಚಿದ ಉತ್ತರ ಪತ್ರಿಕೆ

ಜೂನ್ ಬಂತೆಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಶಾಸ್ತ್ರ ನಡೆಯುತ್ತದೆ. ಹಿಂದಿನ ವರ್ಷ ಪಾಠ ಮಾಡಿದವರು ಹೊಸಬರಿಗೆ ಹಾಜರಿ ಪುಸ್ತಕದ ಜೊತೆಗೆ ಮಕ್ಕಳ ಜಾತಕವನ್ನೂ ಒಪ್ಪಿಸುತ್ತಾರೆ. "ಇವಳು ಚುರುಕು, ಆ ಮೂಲೆಯವಳಿಂದ ಏನೂ ಆಗೋದಿಲ್ಲ ಕಣ್ರೀ." ಎಷ್ಟೋ ವರ್ಷ ನಾನೂ ಇದನ್ನು ಕೇಳಿದ್ದೇನೆ, ಹೇಳಿದ್ದೇನೆ. ರಾಬರ್ಟ್ ರೋಸೆಂತಾಲ್ ಮತ್ತು ಲೆನೋರ್ ಜೇಕಬ್‌ಸನ್ 1968ರಲ್ಲಿ ಪ್ರಕಟಿಸಿದ 'ಪಿಗ್ಮೇಲಿಯನ್ ಇನ್ ದಿ ಕ್ಲಾಸ್‌ರೂಮ್' ಓದುವಾಗ ನಾನು ಬೆವರಿದ್ದು ಅದಕ್ಕೇ.

ಕ್ಯಾಲಿಫೋರ್ನಿಯಾದ ಒಂದು ಪ್ರಾಥಮಿಕ ಶಾಲೆ. 1964ರಲ್ಲಿ ಮಕ್ಕಳಿಗೆಲ್ಲ ಬುದ್ಧಿ ಪರೀಕ್ಷೆ ಮಾಡಿ, ಟೀಚರುಗಳಿಗೆ ಕೆಲವು ಹೆಸರು ಕೊಟ್ಟು, "ಈ ಮಕ್ಕಳು ಈ ವರ್ಷ ಅರಳುತ್ತಾರೆ" ಎಂದರು. ನೂರಕ್ಕೆ 20ರಂತೆ ಆರಿಸಿದ ಆ ಹೆಸರುಗಳು ಅಂಕ ನೋಡಿ ಬಂದವಲ್ಲ, ಚೀಟಿ ಎತ್ತಿದ ಹಾಗೆ ಬಂದವು. ವರ್ಷದ ಮೇಲೆ ನೋಡಿದರೆ, ಒಂದನೇ ತರಗತಿಯಲ್ಲಿ ಪಟ್ಟಿಯ ಮಕ್ಕಳ ಬುದ್ಧ್ಯಂಕ ಸರಾಸರಿ 27 ಅಂಶ ಏರಿತ್ತು, ಉಳಿದವರದು 12.

ಪುಸ್ತಕದ ದೊಡ್ಡ ಗುಣ ಆ ಚೀಟಿಯೇ. ಜಾಣರನ್ನೇ ಆರಿಸಿದ್ದರೆ, ಏರಿದ್ದು ಅವರ ಜಾಣತನದಿಂದಲೋ ನಮ್ಮ ನಂಬಿಕೆಯಿಂದಲೋ ಹೇಳುವುದು ಹೇಗೆ?

ಆದರೆ ಅಳೆಯುವ ಸೇರೇ ಸರಿಯಿರಲಿಲ್ಲ. ರಾಬರ್ಟ್ ಥಾರ್ನ್‌ಡೈಕ್ ಅದೇ 1968ರಲ್ಲಿ ತೋರಿಸಿದ ಹಾಗೆ, ಒಂದು ಪುಟ್ಟ ತರಗತಿಯ ಮಕ್ಕಳ ತರ್ಕದ ಬುದ್ಧ್ಯಂಕ ಸರಾಸರಿ 31 ಬಂದಿತ್ತು. ಶಾಲೆಗೆ ನಡೆದು ಬರುವ ಮಕ್ಕಳಿಗೆ 31! ಆ ಪರೀಕ್ಷೆ ಅಷ್ಟು ಚಿಕ್ಕವರಿಗೆ ಹೊಂದುತ್ತಿರಲಿಲ್ಲ. ಅದನ್ನು ನಡೆಸಿದವರೂ ಹೆಸರು ಕೇಳಿದ್ದ ಟೀಚರುಗಳೇ. ಮೂರನೇ ತರಗತಿಯಿಂದ ಮೇಲೆ ಹೇಳಿಕೊಳ್ಳುವಂಥ ವ್ಯತ್ಯಾಸವೂ ಕಾಣಲಿಲ್ಲ. ನಿರೀಕ್ಷೆ ಕಣ್ಣನ್ನು ಕೆಡಿಸುತ್ತದೆಂದು ಹೇಳಹೊರಟ ಪುಸ್ತಕ ತನ್ನ ಕಣ್ಣನ್ನೇ ಪೂರಾ ಕಾಯ್ದುಕೊಳ್ಳಲಿಲ್ಲ.

ಹಾಗೆಂದು ಮೂಲೆಗೆ ಎಸೆಯುವ ಪುಸ್ತಕವಲ್ಲ. 1984ರಲ್ಲಿ ಸ್ಟೀಫನ್ ರಾಡನ್‌ಬುಷ್ ಇಂಥ 18 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದರು. ಟೀಚರು ಮಕ್ಕಳನ್ನು ಎರಡು ವಾರಕ್ಕಿಂತ ಹೆಚ್ಚು ಕಾಲ ಬಲ್ಲವರಾದರೆ, ಯಾರೋ ಕೊಟ್ಟ ಹಣೆಪಟ್ಟಿ ಹೆಚ್ಚುಕಡಿಮೆ ಕೆಲಸ ಮಾಡುವುದಿಲ್ಲ. ಮಾಡುವುದು ಗುರುತಾಗುವ ಮುಂಚೆ.

ಓದಿದ ಮೇಲೆ ನಾನೂ ಒಂದು ಪ್ರಯೋಗ ಮಾಡಿದೆ. ಗೆಳತಿಯೊಬ್ಬರು ಉತ್ತರ ಪತ್ರಿಕೆಗಳ ಹೆಸರಿನ ಮೇಲೆ ಕಾಗದ ಅಂಟಿಸಿಕೊಟ್ಟರು. 25ಕ್ಕೆ 9 ದಾಟದ ಹುಡುಗಿಯೊಬ್ಬಳಿಗೆ 14 ಕೊಟ್ಟಿದ್ದೆ. ಕಾಗದ ಕಿತ್ತಾಗ ನಾಚಿಕೆಯಾಯಿತು. ನಿಜ, ಒಂದು ಪತ್ರಿಕೆಯಿಂದ ಏನೂ ಸಾಬೀತಾಗುವುದಿಲ್ಲ. ಅವಳು ಆ ಸಲ ಚೆನ್ನಾಗಿ ಓದಿದ್ದಿರಬಹುದು. ಕೆಲವರ ಅಕ್ಷರದ ಗುರುತೂ ನನಗಿತ್ತು. ಆದರೆ ಹಿಂದಿನ 9 ಯಾರದು, ಅವಳದೋ ನನ್ನದೋ ಎಂಬ ಪ್ರಶ್ನೆ ಇನ್ನೂ ಬಿಟ್ಟಿಲ್ಲ.

ಈಗ ಜೂನಿನಲ್ಲಿ ಯಾರಾದರೂ ಜಾತಕ ಬಿಚ್ಚಿದರೆ, "ಎರಡು ವಾರ ಬಿಟ್ಟು ಹೇಳಿ" ಎನ್ನುತ್ತೇನೆ.