ಜೆಪ್ಪುವಿನ ಹಂಚು, ಬಲ್ಮಠದ ಸಭೆ

ಕರಾವಳಿಯಲ್ಲಿ ಹಳೆಯ ಮನೆ ಕೆಡವುವಾಗ ಮಾಡಿನಿಂದ ಇಳಿಸಿದ ಹಂಚುಗಳ ಮೇಲೆ ಬಾಸೆಲ್ ಮಿಷನ್ನಿನ ಹೆಸರೂ 1865 ಎಂಬ ಇಸವಿಯೂ ಉಬ್ಬು ಅಕ್ಷರಗಳಲ್ಲಿ ಈಗಲೂ ಕಾಣಸಿಗುತ್ತವೆ. 1865 ಆ ಹಂಚು ಸುಟ್ಟ ವರ್ಷವಲ್ಲ, ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷ. ಧರ್ಮಪ್ರಚಾರಕ್ಕೆಂದು ಬಂದ ಸಂಸ್ಥೆಯೊಂದು ಹಂಚಿನ ಹೆಸರಾಗಿ ಊರೂರಿನ ಮಾಡು ಏರಿತು. ಬಾಸೆಲ್ ಮಿಷನ್ ಎಂದರೆ ಕನ್ನಡ ಓದುಗರಿಗೆ ಥಟ್ಟನೆ ನೆನಪಾಗುವುದು 1843ರ ‘ಮಂಗಳೂರ ಸಮಾಚಾರ’ ಮತ್ತು 1894ರ ಕಿಟ್ಟೆಲ್ ನಿಘಂಟು. ಆ ಕೆಲಸಕ್ಕೆ ಸಲ್ಲಬೇಕಾದ ಗೌರವ ಸಂದಿದೆ. ಆದರೆ ಈ ಮಿಷನ್ ಕಟ್ಟಿದ ಕ್ರೈಸ್ತ ಸಮುದಾಯದ ಬದುಕನ್ನು ಅಳೆಯಬೇಕಾದರೆ ಅಚ್ಚುಕೂಟಕ್ಕಿಂತ ಕಾರ್ಖಾನೆಯ ಕಡೆಗೆ ಹೆಚ್ಚು ನೋಡಬೇಕು.

ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಿಷನರಿಗಳು ಮಂಗಳೂರಿಗೆ ಬಂದದ್ದು 1834ರ ಅಕ್ಟೋಬರಿನಲ್ಲಿ. ಮಿಷನ್ನಿನ ಕಚೇರಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದರೂ ಬಂದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಕಡೆಯವರು. ಪ್ರಾರ್ಥನೆಯಷ್ಟೇ ದುಡಿಮೆಯೂ ಭಕ್ತಿ ಎಂದು ನಂಬಿದ ಪಂಥ ಅವರದು. ಆ ನಂಬಿಕೆಗೆ ಇಲ್ಲಿ ಬೇಗನೆ ಪರೀಕ್ಷೆ ಎದುರಾಯಿತು. ಮತಾಂತರವಾದವರಲ್ಲಿ ಬಿಲ್ಲವರೇ ಹೆಚ್ಚು. ಅವರ ಕುಲಕಸುಬು ಮೂರ್ತೆ, ಅಂದರೆ ಕಳ್ಳು ಇಳಿಸುವುದು. ಅದನ್ನು ಮಿಷನ್ ಒಪ್ಪುತ್ತಿರಲಿಲ್ಲ. ಭೂತಾರಾಧನೆ ಬಿಟ್ಟವರಿಗೆ ಗುತ್ತಿನ (ಜಮೀನುದಾರ ಮನೆತನದ) ಒಡೆಯರ ಗೇಣಿ ಭೂಮಿ ಉಳಿಯುವ ಖಾತ್ರಿಯಿರಲಿಲ್ಲ, ಕುಟುಂಬದ ಪಾಲೂ ತಪ್ಪುತ್ತಿತ್ತು. ಧರ್ಮ ಬಿಟ್ಟವರ ಆಸ್ತಿ ಹಕ್ಕು ಕಾಯುವ 1850ರ ಕಾಯಿದೆ ಬಂದರೂ ಬಡವರಿಗೆ ಅದು ಕೋರ್ಟಿನ ದೂರದ ಮಾತಾಗಿತ್ತು. ದೀಕ್ಷಾಸ್ನಾನ ಪಡೆದ ಮರುದಿನ ಒಲೆ ಹೇಗೆ ಉರಿಯಬೇಕು ಎಂಬ ಪ್ರಶ್ನೆ ಮಿಷನರಿಗಳ ಅಂಗಳಕ್ಕೇ ಬಂದು ನಿಂತಿತು.

ಉತ್ತರ ಸುಲಭಕ್ಕೆ ಸಿಗಲಿಲ್ಲ. 1840ರಲ್ಲಿ ಕಲೆಕ್ಟರ್ ಬ್ಲೇರ್ ಕೊಟ್ಟ ಬಲ್ಮಠದ ಗುಡ್ಡದಲ್ಲಿ ಬೇಸಾಯದ ಪ್ರಯತ್ನ ನಡೆಯಿತು. ಬೇರೆ ಬೇರೆ ಕಸುಬುಗಳನ್ನು ಕಲಿಸಿ ನೋಡಿದ್ದೂ ಆಯಿತು. ಹಲವು ಪ್ರಯತ್ನಗಳು ನಷ್ಟದಲ್ಲೇ ನಿಂತವು. 1851ರಲ್ಲಿ ಬಂದ ನೇಕಾರ ಹಾಲರ್ ಯುರೋಪಿನ ಮಗ್ಗಗಳನ್ನು ತಂದು ನೇಯ್ಗೆಗೆ ನೆಲೆ ಕೊಟ್ಟರು. ಖಾಕಿ ಬಣ್ಣದ ಬಟ್ಟೆಯ ಜೊತೆ ಅವರ ಹೆಸರು ಇಂದಿಗೂ ಅಂಟಿಕೊಂಡಿದೆ. ಕೊನೆಗೆ ಗಟ್ಟಿಯಾಗಿ ಕೈಹಿಡಿದದ್ದು ನೇತ್ರಾವತಿ ದಂಡೆಯ ಜೇಡಿಮಣ್ಣು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು.

ಈ ಹಂಚಿನ ಹುಟ್ಟನ್ನು ಕೊಂಚ ಹತ್ತಿರದಿಂದ ನೋಡಬೇಕು. ಮಣ್ಣನ್ನು ನಾದಲು ಮೊದಲು ಎತ್ತುಗಳಿದ್ದವು, ಆಮೇಲೆ ಹಬೆಯಂತ್ರ ಬಂತು. ನಾದಿದ ಮಣ್ಣಿನ ಹಲಗೆಯನ್ನು ಮೇಲೊಂದು ಕೆಳಗೊಂದು ಅಚ್ಚಿನ ನಡುವೆ ಇಟ್ಟು ತಿರುಪಿನಿಂದ ಒತ್ತಬೇಕು. ಅಂಚಿನ ಹೆಚ್ಚುವರಿ ಮಣ್ಣನ್ನು ಕೆರೆದು ತೆಗೆದು, ಮರದ ಚೌಕಟ್ಟಿನಲ್ಲಿಟ್ಟು ನೆರಳಲ್ಲಿ ಒಣಗಿಸಿ ಗೂಡಿಗೆ ಸೇರಿಸಬೇಕು. ಹಸಿ ಹಂಚು ಹೊರುವುದು, ಸುಟ್ಟದ್ದನ್ನು ಒಟ್ಟುವುದು ಹೆಂಗಸರ ಪಾಲಿಗೆ ಬರುತ್ತಿದ್ದ ಕೆಲಸ. ಒಂದರ ತೋಡಿಗೆ ಇನ್ನೊಂದರ ಏಣು ಕಚ್ಚಿಕೊಳ್ಳುವ ಹಂಚು ಇದು. ಕರಾವಳಿಯ ಜಡಿಮಳೆಗೂ ಗಾಳಿಗೂ ಜಗ್ಗದು. ಮುಳಿಹುಲ್ಲಿನ ಮಾಡಿಗೆ ಇದ್ದ ಬೆಂಕಿಯ ಭಯ ಹಂಚಿನ ಮಾಡಿಗಿರಲಿಲ್ಲ. 1868ರಲ್ಲೇ ಮಂಗಳೂರಿನ ಆಲ್ಬುಕರ್ಕ್ ಕುಟುಂಬದ ಹಂಚಿನ ಉದ್ಯಮವೂ ಶುರುವಾಯಿತು. ಮಿಷನ್ ಕಾರ್ಖಾನೆಗಳು ಕುದ್ರೋಳಿ, ಮಲ್ಪೆಯಿಂದ ಮಲಬಾರಿನ ಕಲ್ಲಿಕೋಟೆ, ಫೆರೋಕ್‌ವರೆಗೆ ಹಬ್ಬಿದವು.

ಕಾರ್ಖಾನೆಯ ದಿನ ಪ್ರಾರ್ಥನೆಯಿಂದ ಶುರುವಾಗುತ್ತಿತ್ತು. ಗಂಟೆ ಹೊಡೆದಾಗ ಬರುವುದು, ವಾರಕ್ಕೊಂದು ದಿನ ಬಿಡುವು, ಸಂಬಳದ ಒಂದು ಪಾಲು ಉಳಿತಾಯ, ಕಾಯಿಲೆಗೊಂದು ನಿಧಿ: ಗೇಣಿ ಮತ್ತು ಮೂರ್ತೆಯ ಲೋಕದಿಂದ ಬಂದವರಿಗೆ ಇದೆಲ್ಲ ಹೊಸದು. ಕ್ರೈಸ್ತರಲ್ಲದವರಿಗೂ ಅಲ್ಲಿ ಕೆಲಸವಿತ್ತು. ಹುಟ್ಟಿನ ಜಾತಿ ಕಸುಬನ್ನು ಗೊತ್ತುಮಾಡುತ್ತಿದ್ದ ಕಾಲದಲ್ಲಿ ಬೇರೆ ಬೇರೆ ಜಾತಿಯ ಜನ ಒಂದೇ ಸೂರಿನಡಿ ಸಂಬಳಕ್ಕೆ ದುಡಿದದ್ದು ದೊಡ್ಡ ಸಂಗತಿ. ಭಕ್ತಿಯ ಮಾತಾಡಿ ಹೊಟ್ಟೆಯ ಮಾತನ್ನು ದೇವರಿಗೆ ಬಿಡುವ ಧರ್ಮಪ್ರಚಾರಕ್ಕಿಂತ ಇದು ಎಷ್ಟೋ ಪ್ರಾಮಾಣಿಕ. ಈ ಪದ್ಧತಿಯ ಪರವಾಗಿ ಹೇಳಬೇಕಾದ ಮೊದಲ ಮಾತು ಇದು.

ಎರಡನೆಯದು ಭಾಷೆಯ ವಿಚಾರ. ಸಭೆಯ, ಅಂದರೆ ಈ ಕ್ರೈಸ್ತ ಸಮುದಾಯದ, ಜನರ ಮನೆಮಾತು ತುಳು. ಮಿಷನ್ ಅದನ್ನು ಕೀಳು ಎನ್ನಲಿಲ್ಲ. ತುಳು ಹೊಸ ಒಡಂಬಡಿಕೆ 1847ರಲ್ಲಿ ಕನ್ನಡ ಲಿಪಿಯಲ್ಲಿ ಬಂತು, ಬ್ರಿಗೆಲ್ ಬರೆದ ವ್ಯಾಕರಣ 1872ರಲ್ಲಿ, ಮೆನ್ನರ್ ನಿಘಂಟು 1886ರಲ್ಲಿ. ಹಗಲು ಮಣ್ಣು ಒತ್ತಿದ ಕೈಗಳು ಭಾನುವಾರ ತಮ್ಮದೇ ಮಾತಿನ ಪುಸ್ತಕ ಹಿಡಿದವು.

ಇಷ್ಟಾದರೂ ಈ ಪದ್ಧತಿಯ ಬುಡದಲ್ಲೇ ಒಂದು ದೋಷವಿತ್ತು. ಆತ್ಮದ ಲೆಕ್ಕ ಕೇಳುವವರೂ ಸಂಬಳ ಕೊಡುವವರೂ ಒಂದೇ ಸಂಸ್ಥೆಗೆ ಸೇರಿದವರು. ಸಭೆಯ ಶಿಸ್ತಿಗೆ ತಪ್ಪಿದವರು ಕೆಲಸದ ಬಗ್ಗೆಯೂ ಅಂಜಬೇಕಾದ ಸ್ಥಿತಿ ಅದು. ಮನೆ, ಶಾಲೆ, ಆಸ್ಪತ್ರೆ, ಕೆಲಸ ಎಲ್ಲವೂ ಮಿಷನ್ನಿನದೇ ಆದಾಗ ಮಿಷನ್ನಿಗೆ ಎದುರಾಡುವ ದನಿ ಹುಟ್ಟುವುದು ಕಷ್ಟ. ಗೇಣಿದಾರ ಒಡೆಯನಿಂದ ಬಿಡಿಸಿಕೊಂಡದ್ದು ನಿಜ, ಆದರೆ ಒಡೆತನ ಅವನ ಕೈಗೆ ಬರಲಿಲ್ಲ. ಕಾರ್ಖಾನೆಯ ಲಾಭ ಎತ್ತ ಹೋಗಬೇಕು, ಯಾವ ಯಂತ್ರ ತರಬೇಕು ಎಂಬ ತೀರ್ಮಾನಗಳಲ್ಲಿ ಹಂಚು ಒತ್ತುವವರಿಗೆ ಪಾಲಿರಲಿಲ್ಲ. ವ್ಯಾಪಾರದ ಹಿಡಿತ 1859ರಲ್ಲಿ ಹುಟ್ಟಿದ ಮಿಷನ್ ಟ್ರೇಡಿಂಗ್ ಕಂಪನಿಯ ಮೂಲಕ ಬಾಸೆಲ್‌ನಲ್ಲೇ ಉಳಿಯಿತು.

ಇದೇ ಜಾಡು ಕೊಡಗಿನಲ್ಲೂ ಕಾಣುತ್ತದೆ. ಮಿಷನರಿ ಮೊಗ್ಲಿಂಗ್ ಅಲ್ಲಿ ಹೊಲೆಯ ಸಮುದಾಯದಿಂದ ಕ್ರೈಸ್ತರಾದವರಿಗಾಗಿ ಆನಂದಪುರ ಎಂಬ ಊರನ್ನೇ ಕಟ್ಟಿದರು. 1844ರಲ್ಲಿ ಕ್ರೈಸ್ತರಾದ ಸಾರಸ್ವತ ಬ್ರಾಹ್ಮಣ ಆನಂದರಾವ್ ಕೌಂಡಿನ್ಯರ ಹೆಸರು ಆ ಊರಿಗೆ. ಜೀತದಿಂದ ಹೊರಬಂದವರಿಗೆ ನೆಲೆ ಸಿಕ್ಕಿತು, ಕಾಫಿ ತೋಟದಲ್ಲಿ ದುಡಿಮೆಯೂ ಸಿಕ್ಕಿತು. ಯಜಮಾನಿಕೆ ಮಾತ್ರ ಅಲ್ಲೂ ಬೇರೆಯವರದೇ.

ದೋಷ ಬಯಲಾದದ್ದು 1914ರ ಯುದ್ಧದಲ್ಲಿ. ಜರ್ಮನ್ ಮಿಷನರಿಗಳು ಶತ್ರುದೇಶದವರಾಗಿ ಬಂಧನಕ್ಕೊಳಗಾದರು, ಆಮೇಲೆ ಅವರನ್ನು ದೇಶದಿಂದ ಕಳಿಸಲಾಯಿತು. ಕಾರ್ಖಾನೆಗಳನ್ನು ಸರಕಾರ ವಶಪಡಿಸಿಕೊಂಡಿತು. ಅವು 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹಂಚಿನ ಮೇಲೆ ಟ್ರಸ್ಟಿನ ಹೆಸರು ಬಂತು. ಸಭೆಯ ಜನರಿಗೆ ತಮ್ಮ ಜೀವನೋಪಾಯದ ಮೇಲೆ ಹಕ್ಕೂ ಇರಲಿಲ್ಲ, ಈ ಕೈಬದಲಾವಣೆಯಲ್ಲಿ ಮಾತೂ ಇರಲಿಲ್ಲ. ಎಂಬತ್ತು ವರ್ಷ ಕಟ್ಟಿದ ಸಮುದಾಯವನ್ನು ಕೆಲವೇ ವರ್ಷಗಳಲ್ಲಿ ಅನಾಥವಾಗಿಸಿದ್ದರ ಹೊಣೆಯನ್ನು ಯುದ್ಧದ ಮೇಲಷ್ಟೇ ಹೊರಿಸುವಂತಿಲ್ಲ. ಒಡೆತನವನ್ನು ಇಲ್ಲಿನವರಿಗೆ ದಾಟಿಸಲು ಮಿಷನ್ನಿಗೆ ಕಾಲಾವಕಾಶ ಬೇಕಾದಷ್ಟಿತ್ತು.

ಗಮನಿಸಬೇಕಾದ ಸಂಗತಿ ಎಂದರೆ ಸಭೆ ಅಳಿಯಲಿಲ್ಲ. ಹಣದ ದಾರಿ ಮುಚ್ಚಿದ ಮೇಲೂ ಜನ ಉಳಿದರು, ಸ್ಥಳೀಯ ಸಭಾಪಾಲಕರು ಮುಂದೆ ಬಂದರು. ಇಂದು ಈ ಸಭೆಗಳು ಚರ್ಚ್ ಆಫ್ ಸೌತ್ ಇಂಡಿಯಾ (ಸಿಎಸ್‌ಐ) ಅಡಿಯಲ್ಲಿವೆ, ಬಲ್ಮಠದ ಗುಡ್ಡದಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿದೆ. ಸಂಬಳಕ್ಕಾಗಿ ಧರ್ಮ ಬಿಟ್ಟವರು ಎಂಬ ಹಳೆಯ ಆರೋಪಕ್ಕೆ ಇದಕ್ಕಿಂತ ಗಟ್ಟಿ ಉತ್ತರ ಬೇಕಿಲ್ಲ.

ಕಾಂಕ್ರೀಟ್ ತಾರಸಿ ಬಂದ ಮೇಲೆ, ಜೇಡಿಮಣ್ಣು ಸಿಗುವುದು ಕಷ್ಟವಾದ ಮೇಲೆ ಕರಾವಳಿಯ ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ. ಮಿಷನರಿಗಳ ಪತ್ರ, ಫೋಟೋಗಳು ಬಾಸೆಲ್‌ನ ಸಂಗ್ರಹದಲ್ಲಿ ಭದ್ರವಾಗಿವೆ. ಪ್ಲೆಬ್ಸ್ಟ್, ಹಾಲರ್, ಕಿಟ್ಟೆಲ್ ಹೆಸರು ಯಾರೂ ಮರೆಯರು. ಮಣ್ಣು ಒತ್ತಿದವರ, ಹಂಚು ಹೊತ್ತ ಹೆಂಗಸರ ಹೆಸರು ಮಾತ್ರ ಚರಿತ್ರೆಯ ಪುಸ್ತಕಗಳಲ್ಲಿ ಹುಡುಕಿದರೂ ಸಿಗುವುದು ಅಪರೂಪ. ಜೆಪ್ಪು, ಕುದ್ರೋಳಿ, ಮಲ್ಪೆಯ ಕುಟುಂಬಗಳಲ್ಲಿ ಹಳೆಯ ಸಂಬಳದ ಚೀಟಿ, ಗುಂಪು ಫೋಟೋ, ಉಳಿತಾಯದ ಪುಸ್ತಕ ಇದ್ದರೆ ಅವನ್ನು ಗುಜರಿಗೆ ಹಾಕುವ ಮೊದಲು ಸಭೆಗಳೂ ಕರಾವಳಿಯ ಕಾಲೇಜುಗಳೂ ಕೂಡಿ ಸಂಗ್ರಹಿಸಬೇಕು. ಅಜ್ಜ ಅಜ್ಜಿಯರ ನೆನಪನ್ನು ತುಳುವಿನಲ್ಲೇ ದಾಖಲಿಸಬೇಕು. ಈ ಕೆಲಸ ಈ ತಲೆಮಾರಿನಲ್ಲೇ ಆಗಬೇಕು.