ಎರಡು ಗೆರೆಗಳು

'ಆಧುನಿಕ' ಎಂದರೆ ಈಗಿನದು ಎಂದೇ ನಾವು ದಿನನಿತ್ಯದ ಮಾತಿನಲ್ಲಿ ಬಳಸುತ್ತೇವೆ. ಚಿತ್ರಕಲೆಯ ಮಟ್ಟಿಗೆ ಇದು ದಾರಿ ತಪ್ಪಿಸುವ ಬಳಕೆ. ಅಲ್ಲಿ ಅದು ಒಂದು ಕಾಲದ, ಒಂದು ಮನೋಧರ್ಮದ ಹೆಸರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯುರೋಪಿನಲ್ಲಿ ತಲೆಯೆತ್ತಿದ ಆಧುನಿಕ ಕಲೆಯನ್ನು ಇಂದಿನ ಸಮಕಾಲೀನ ಕಲೆಯೊಂದಿಗೆ ಬೆರೆಸುವಂತಿಲ್ಲ. ಕನ್ನಡಿಗರಿಗೆ ಇದು ಹೊಸ ಸಂಗತಿಯೇನಲ್ಲ. ನಿನ್ನೆ ಬರೆದ ಕವನವನ್ನು ನಾವು 'ನವ್ಯ' ಎನ್ನುತ್ತೇವೆಯೇ?

ಹಾಗೆಂದು ಬರೀ ಇಸವಿ ನೋಡಿ ಇವನ್ನು ಬೇರ್ಪಡಿಸಲಾಗದು. ನಸ್ರೀನ್ ಮೊಹಮದಿ, ಝರೀನಾ ಹಾಶ್ಮಿ ಇಬ್ಬರೂ 1937ರಲ್ಲಿ ಹುಟ್ಟಿದವರು. ಒಬ್ಬರು ಕರಾಚಿಯಲ್ಲಿ, ಇನ್ನೊಬ್ಬರು ಅಲೀಗಢದಲ್ಲಿ. ಇಬ್ಬರ ಬಂಡವಾಳವೂ ಗೆರೆಯೇ.

ಬರೋಡಾದಲ್ಲಿ ಅಧ್ಯಾಪಕಿಯಾಗಿದ್ದ, 1990ರಲ್ಲಿ ತೀರಿಕೊಂಡ ನಸ್ರೀನ್, ಪೆನ್ಸಿಲ್ ಮತ್ತು ಶಾಯಿಯಿಂದ ಎಳೆದ ಸೂಕ್ಷ್ಮ ಗೆರೆಗಳಲ್ಲಿ ಮನುಷ್ಯರಿಲ್ಲ, ಕಥೆಯಿಲ್ಲ, ಹೆಚ್ಚಿನವಕ್ಕೆ ಶೀರ್ಷಿಕೆಯೂ ಇಲ್ಲ. ಅಂತರ, ಲಯ, ಕೈಯ ಒತ್ತು ಇಷ್ಟೇ. ಕಲೆ ತನ್ನ ಹೊರಗಿನ ಯಾವುದಕ್ಕೂ ಲೆಕ್ಕ ಒಪ್ಪಿಸಬೇಕಿಲ್ಲ ಎಂಬ ಆಧುನಿಕತಾವಾದದ ಹಟ ಇಲ್ಲಿ ಮೌನವಾಗಿದೆ, ಆದರೆ ಸಡಿಲವಾಗಿಲ್ಲ.

ಝರೀನಾರ 'ಡಿವೈಡಿಂಗ್ ಲೈನ್' (2001) ಎಂಬ ಮರದಚ್ಚಿನ ಚಿತ್ರವೂ ಮೊದಲ ನೋಟಕ್ಕೆ ಅಮೂರ್ತವೇ. ಹಾಳೆಯ ಮೇಲೆ ಅಂಕುಡೊಂಕಾದ ಒಂದು ಕಪ್ಪು ಗೆರೆ. ಅದು ಭಾರತ-ಪಾಕಿಸ್ತಾನಗಳ ಗಡಿ ಎಂದು ತಿಳಿದೊಡನೆ ಅದನ್ನು ಬರೀ ಗೆರೆಯಾಗಿ ನೋಡಲು ನಮ್ಮಿಂದಾಗದು. ಆ ಗೆರೆ ಮೂಡಬೇಕಾದರೆ ಸುತ್ತಲಿನ ಮರವನ್ನು ಕೆತ್ತಿ ತೆಗೆಯಬೇಕು. ಅಚ್ಚಿನ ಈ ಮಾಮೂಲಿ ಕ್ರಮಕ್ಕೇ ಇಲ್ಲಿ ಅರ್ಥ ಬಂದುಬಿಡುತ್ತದೆ. ವಿಭಜನೆಯಾಗಿ ಕೆಲವು ವರ್ಷಗಳ ನಂತರ ಅವರ ಹೆತ್ತವರು ಪಾಕಿಸ್ತಾನಕ್ಕೆ ಹೋದರು. ಚರಿತ್ರೆ, ಭಾಷೆ, ನೋಡುವವರ ನೆನಪು ಇವೆಲ್ಲ ಸೇರಿಯೇ ಕೃತಿಯಾಗುವುದನ್ನು ನಾವು ಸಮಕಾಲೀನ ಎನ್ನುತ್ತೇವೆ. (ವಿಡಿಯೋ, ಇನ್‌ಸ್ಟಲೇಶನ್ ಇದ್ದ ಮಾತ್ರಕ್ಕೆ ಯಾವುದೂ ಸಮಕಾಲೀನವಾಗದು. ಗೋಡೆಯ ಮೇಲಿನ ವಿವರಣೆ ಕಿತ್ತರೆ ಏನೂ ಉಳಿಯದ ಕೃತಿಗಳು ಬೇಕಾದಷ್ಟಿವೆ.)

ಈ ವ್ಯತ್ಯಾಸ ಮರೆತರೆ ಇಬ್ಬರಿಗೂ ಅನ್ಯಾಯ. ನಸ್ರೀನರ ಹೆಸರು ಕಂಡೊಡನೆ ಸೂಫಿ ಅನುಭಾವ, ಇಸ್ಲಾಮಿ ಜ್ಯಾಮಿತಿ ಹುಡುಕುವವರಿದ್ದಾರೆ. ಅಂಥ ಛಾಯೆಗಳು ಇರಲಾರವೆಂದಲ್ಲ. ಆದರೆ ಗೆರೆ ಬರೀ ಗೆರೆಯಾಗಿರುವ ಸ್ವಾತಂತ್ರ್ಯವನ್ನು ಮೊಂಡ್ರಿಯಾನ್‌ಗೆ ಧಾರಾಳವಾಗಿ ಕೊಟ್ಟವರು ನಸ್ರೀನರನ್ನು ಮಾತ್ರ ಗುರುತಿನ ಚೀಟಿ ಕೇಳುವುದೇಕೆ? ಝರೀನಾರಿಗೆ ಆಗುವುದು ಇದರ ತಿರುವುಮುರುವು. 1999ರ 36 ಮರದಚ್ಚುಗಳ ಮಾಲಿಕೆಯಲ್ಲಿ ಒಂದೊಂದಕ್ಕೂ ಅವರು ಒಂದೊಂದು ಉರ್ದು ಪದ ಸೇರಿಸಿದ್ದಾರೆ. ಅಕ್ಷರಗಳ ಬಳುಕನ್ನು ಮೆಚ್ಚಿ ಮುಂದೆ ಹೋಗುವವರಿಗೆ ಅವು ಪದಗಳೆಂಬುದೇ ಹೊಳೆಯುವುದಿಲ್ಲ. ಘರ್, ದರ್ವಾಜಾ. ಎರಡನೆಯದು ಕನ್ನಡಕ್ಕೂ ಬಂದು ದರವಾಜೆಯಾಗಿದೆ.